ಎಡಗೈಗೊಂದು ಬಂದೂಕು

ಚಿಂಚಲಿ ಮಾಯಕ್ಕನ ಜಾತ್ರೆಯ ಸುದ್ದಿ ಮಾಡಲು ಹೋದಾಗ ಅಕ್ಕನ ಮಗಳನ್ನೂ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿದ್ದೆ. ಭಂಡಾರದ ಫೋಟೊ, ಎತ್ತಿನ ಗಾಡಿಗಳ ಫೋಟೊ ಎಲ್ಲ ಮುಗಿಸಿ ಹೊರಟರೆ ಅವಳು ಫುಗ್ಗಾ ಹೊಡೆಯುವ ಅಂಗಡಿಯ ಮುಂದೆ ನಿಂತುಬಿಟ್ಟಳು. 12 ವರ್ಷದ ಹುಡುಗಿ. ಬಂದೂಕನ್ನು ಎಡ ಹೆಗಲಿಗೇರಿಸಿದಳು. ಅಂಗಡಿಯವ, "ಹಂಗಲ್ಲವ್ವಾ, ಈ ಕಡಿ ಹಿಡಿ" ಅಂತ ಕಸಿದು ಬಲಕ್ಕೆ ಕೊಟ್ಟ. ಇವಳು ಮತ್ತೆ ಎಡಕ್ಕೇ ತಂದಳು. ತಲೆಯನ್ನು ವಿಚಿತ್ರವಾಗಿ ವಾಲಿಸಿ, ಬಂದೂಕಿನ ಮೇಲೆ ಮಲಗಿದಂತೆ ಮಾಡಿ ಗುರಿ ಹಿಡಿದಳು. ಹತ್ತರಲ್ಲಿ ನಾಲ್ಕು ಒಡೆದವು.

ನಾನೂ ಎಡಚ. ನಮ್ಮ ಗಡಿ ಭಾಗದಲ್ಲಿ ಎಡಚರಿಗೆ ಎರಡು ಭಾಷೆಯಲ್ಲಿ ಬೈಗುಳ ಸಿಗುತ್ತದೆ. ಊಟಕ್ಕೆ ಕೂತರೆ ಕನ್ನಡದಲ್ಲಿ, ನಿಪ್ಪಾಣಿ ಪೇಟೆಯಲ್ಲಿ ಎಡಗೈಯಿಂದ ದುಡ್ಡು ಕೊಟ್ಟರೆ ಮರಾಠಿಯಲ್ಲಿ. ಕಾಲೇಜಿನಲ್ಲಿದ್ದಾಗ ಒಂದು ಕ್ಯಾಂಪಿನಲ್ಲಿ .22 ರೈಫಲ್ ಕೈಗೆ ಸಿಕ್ಕಿತ್ತು. ಅದರ ಬೋಲ್ಟ್ ಇರುವುದು ಬಲಗಡೆ. ಎಡ ಹೆಗಲಿಗೆ ಇಟ್ಟುಕೊಂಡವನು ಪ್ರತಿ ಸಲ ಟ್ರಿಗರ್ ಬಿಟ್ಟು, ಕೈಯನ್ನು ಆಚೆ ಬದಿಗೆ ಚಾಚಿ ಬೋಲ್ಟ್ ಎಳೆಯಬೇಕು. ಖಾಲಿ ತೋಟಾ ಮುಖದ ಪಕ್ಕದಲ್ಲೇ ಹಾರುತ್ತದೆ. ಕಲಿಸುವವರು ಒಂದೇ ಮಾತಿನಲ್ಲಿ ಮುಗಿಸಿದರು: "ಬಲಕ್ಕ ಹಿಡಿ, ಇಲ್ಲಾ ಎದ್ದು ಹೋಗು." ಬಲಕ್ಕೆ ಹಿಡಿದೆ. ಐದು ಗುಂಡಿನಲ್ಲಿ ಒಂದೂ ಕಾಗದಕ್ಕೆ ತಾಗಲಿಲ್ಲ. ಆಮೇಲೆ ಆ ಕಡೆ ಹೋಗಲಿಲ್ಲ.

ಆದ್ದರಿಂದ ಹುಡುಗಿ, "ಮಾಮಾ, ನನಗೊಂದು ಬಂದೂಕ ಕೊಡಸ್ತಿ?" ಅಂತ ಕೇಳಿದಾಗ ಅವಳಿಗಿಂತ ನನಗೇ ಹುರುಪು ಜಾಸ್ತಿ. ಕಟ್ಟೆಯ ಮೇಲೆ ಕೂತಿದ್ದ ಅಪ್ಪ, "ಕೊಡಸೋ, ಮೊಲದ ಬ್ಯಾಟಿಗೆ ಹೋಗೂಣು" ಅಂದರು. ಅವರ ನೆನಪಿನ ಬೇಟೆ ಬಲೆ, ನಾಯಿ, ಬಡಿಗೆಗಳದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಅರ್ಧ ಶತಮಾನ ದಾಟಿದರೂ ಅವರ ತಲೆಯಲ್ಲಿ ಮೊಲ ಇನ್ನೂ ಓಡುತ್ತಿದೆ. ಮೊಲ ಹೊಡೆದರೂ ಕೇಸು. ಕಬ್ಬಿಗೆ ಹಂದಿ ನುಗ್ಗಿದರೂ ನಾವಾಗಿ ಹೊಡೆಯುವಂತಿಲ್ಲ, ಅನುಮತಿ ಬೇಕು. ಬಂದೂಕಿನ ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಉಳಿದದ್ದು ಗಾಳಿ ಬಂದೂಕು. ನಳಿಕೆ 4.5 ಮಿ.ಮೀ., ಶಕ್ತಿ 20 ಜೂಲ್ ಮೀರದಿದ್ದರೆ ಅದಕ್ಕೆ ಲೈಸೆನ್ಸ್ ಬೇಕಿಲ್ಲ. ಅದನ್ನು ಹಿಡಿದು ಹಕ್ಕಿಯ ಬೆನ್ನು ಹತ್ತಿದರೆ ಮತ್ತೆ ಅದೇ ಕಾಯ್ದೆ. ಅಂದರೆ ನಮ್ಮ ಶಿಕಾರಿ 10 ಮೀಟರ್ ದೂರದ ಕಾಗದ. ಅದರ ನಟ್ಟನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಮೊಲವೇ ಸುಲಭ.

ಇದು ನಮಗೆ ದೂರದ ಆಟವೂ ಅಲ್ಲ. 2010ರಲ್ಲಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್ ಕೊಲ್ಹಾಪುರದವರು. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಮೂರು ಭಂಗಿಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ರಾಧಾನಗರಿ ತಾಲೂಕಿನ ಕಾಂಬಳವಾಡಿಯ ಹುಡುಗ. ನಿಪ್ಪಾಣಿಯಿಂದ ಕೊಲ್ಹಾಪುರ ಒಂದು ತಾಸಿನ ದಾರಿ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಅಂತ ಕಬ್ಬಿನ ಬಾಕಿ, ಕೃಷ್ಣೆಯ ನೆರೆ ಬರೆಯುತ್ತ ದಿನವಿಡೀ ತಿರುಗುವವನಿಗೆ ಅದೇನು ದೂರವಲ್ಲ.

ಎಡಗೈ ರೈಫಲ್ ಹುಡುಕಲು ಶುರು ಮಾಡಿದೆ. ಜಾತ್ರೆಯ ಬಂದೂಕಿನ ನಳಿಕೆಯನ್ನೇ ಮಡಚಿ ಕಾಕ್ ಮಾಡುವುದರಿಂದ ಅದಕ್ಕೆ ಎಡ ಬಲ ಅಂತ ಅಷ್ಟೇನಿಲ್ಲ. ಆದರೆ ಮಡಚಲು ರಟ್ಟೆಯಲ್ಲಿ ಬಲ ಬೇಕು. ನಮ್ಮ ಹುಡುಗಿಗೆ ಅಂಗಡಿಯವನೇ ಮಡಚಿ ಕೊಡುತ್ತಿದ್ದ. ಸ್ಪರ್ಧೆಯ ರೈಫಲ್‌ನ ಕಥೆ ಬೇರೆ. ಎಡಚರದ್ದಾದರೆ ಕೆನ್ನೆ ಊರುವ ಜಾಗ ಬಲಬದಿಗೆ ಬರಬೇಕು, ಹಿಡಿಯ ಉಬ್ಬುತಗ್ಗು ಎಡ ಅಂಗೈಗೆ ಕೂರಬೇಕು. ವಾಲ್ಥರ್, ಫೈನ್‌ವೆರ್ಕ್‌ಬೌ ತರಹದ ಜರ್ಮನ್ ಕಂಪನಿಗಳು ಮಾಡುತ್ತವೆ, ಆದರೆ ಬೆಲೆ ಕೇಳಿದರೆ ಒಂದು ಎಕರೆ ಕಬ್ಬಿನ ಬಿಲ್ಲು ನೆನಪಾಗುತ್ತದೆ. ಪುಣೆಯ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಇದೆ ಅಂತ ಗೊತ್ತಾಯಿತು. ಅಡ್ವಾನ್ಸ್ ಕಳಿಸುವುದೊಂದು ಬಾಕಿ. ಅಕ್ಕ, "ಮೊದಲ ಯಾರಿಗರೆ ತೋರ್ಸೋ" ಅಂದಳು. ಇಲ್ಲದಿದ್ದರೆ ಕಳಿಸಿಯೇ ಬಿಡುತ್ತಿದ್ದೆ.

ಕೊಲ್ಹಾಪುರದ ಕೋಚ್ ಬಂದೂಕು ಮುಟ್ಟಲಿಕ್ಕೇ ಬಿಡಲಿಲ್ಲ. ಎರಡೂ ಕೈ ಮುಂದಕ್ಕೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಗೋಡೆಯ ಗಡಿಯಾರ ನೋಡು ಅಂದರು. ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿದರು. ಎಡಗಣ್ಣು ಮುಚ್ಚಿದಾಗ ಗಡಿಯಾರ ಅಲ್ಲೇ ಇತ್ತು. ಬಲಗಣ್ಣು ಮುಚ್ಚಿದಾಗ ಮಾಯವಾಯಿತು. ಮೂರು ಸಲ ಮಾಡಿಸಿದರು, ಮೂರು ಸಲವೂ ಅದೇ. ಹುಡುಗಿ ಎಡಗೈಯವಳು, ಆದರೆ ಗುರಿ ಹಿಡಿಯುವ ಕಣ್ಣು ಬಲಗಣ್ಣು. ಜಾತ್ರೆಯಲ್ಲಿ ತಲೆ ವಾಲಿಸಿದ್ದು ಅದಕ್ಕೇ. ಎಡ ಹೆಗಲ ಮೇಲಿನ ಬಂದೂಕಿಗೆ ಬಲಗಣ್ಣನ್ನು ತಂದು ಕೂಡಿಸುತ್ತಿದ್ದಳು. ನಾನು ಕಣ್ಣೆದುರೇ ನೋಡಿಯೂ ತಿಳಿದಿರಲಿಲ್ಲ.

ಅದೇ ಕಿಂಡಿಯಲ್ಲಿ ನಾನೂ ನೋಡಿದೆ. ನನ್ನದು ಎಡಗೈ, ಎಡಗಣ್ಣು. ಆ ಕ್ಯಾಂಪಿನಲ್ಲಿ ಯಾರಾದರೂ ಅರ್ಧ ನಿಮಿಷ ಹೀಗೆ ನೋಡಿಸಿದ್ದರೆ ಅಂತ ಅನಿಸಿತು.

ಕೋಚ್ ಬಲಕ್ಕೇ ಹಿಡಿ ಅಂತ ಹೇಳಲಿಲ್ಲ. ಬಲಗಣ್ಣಿನ ಮುಂದೆ ಬಿಳಿ ಪಟ್ಟಿ ಕಟ್ಟಿ ಎಡಕ್ಕೆ ಕಲಿಯುವವರೂ ಇದ್ದಾರಂತೆ. ಕ್ಲಬ್ಬಿನ ರೈಫಲ್‌ನಲ್ಲಿ ಒಂದು ತಿಂಗಳು ಎರಡೂ ಕಡೆ ಹೊಡೆಯಲಿ, ಅವಳೇ ಹೇಳುತ್ತಾಳೆ, ಅಲ್ಲಿಯವರೆಗೆ ಏನೂ ಕೊಳ್ಳಬೇಡಿ ಅಂದರು. ಸ್ಪರ್ಧೆಯ ರೈಫಲ್ 5.5 ಕಿಲೊವರೆಗೆ ಇರಬಹುದು, ಈ ವಯಸ್ಸಿಗೆ ಅಷ್ಟು ಭಾರ ಬೆನ್ನು ಮುರಿಯುತ್ತದೆ. ಬಟ್ಟನ್ನು ಮೊಣಕೈ ಮಡಿಕೆಗೆ ಇಟ್ಟರೆ ಬೆರಳು ಟ್ರಿಗರ್‌ಗೆ ಎಟಕಬೇಕು. ಇವಳಿಗೆ ಎಟಕಲಿಲ್ಲ. ಪುಣೆಯ ರೈಫಲ್ ತಂದಿದ್ದರೆ ಅದೂ ಎಟಕುತ್ತಿರಲಿಲ್ಲ.

ನಾಲ್ಕು ರವಿವಾರ ಬಸ್ಸಿನಲ್ಲಿ ಹೋಗಿ ಬಂದೆವು. ಐದನೆಯ ವಾರ ಅವಳು ಯಾರನ್ನೂ ಕೇಳದೆ ಬಲ ಹೆಗಲಿಗೆ ಇಟ್ಟುಕೊಂಡಳು. "ಯಾಕವಾ?" ಅಂದೆ. "ಈ ಕಡಿ ಕುತಗಿ ನೋಯಂಗಿಲ್ಲ ಮಾಮಾ." ನನಗೆ ಒಳಗೊಳಗೇ ಬ್ಯಾಸರವಾಯಿತು, ಸುಳ್ಳು ಯಾಕೆ ಹೇಳಲಿ. ಅವತ್ತು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಎಡಗೈಯಿಂದಲೇ ವಡಾಪಾವ್ ತಿಂದಳು. ಪಕ್ಕದಲ್ಲಿ ಕೂತಿದ್ದ ಮುದುಕಿ ಏನೋ ಅನ್ನಲು ಬಾಯಿ ತೆರೆದಳು, ನಾನು ದಿಟ್ಟಿಸಿ ನೋಡಿದ್ದಕ್ಕೆ ಸುಮ್ಮನಾದಳು.

ಪುಣೆಯವರು ಆಗಾಗ ಫೋನ್ ಮಾಡುತ್ತಿರುತ್ತಾರೆ. ಹುಡುಗಿಗೆ ಬೇಡ ಅಂತ ಹೇಳಿದ್ದೇನೆ. ನನಗೆ ಬೇಡ ಅಂತ ಇನ್ನೂ ಹೇಳಿಲ್ಲ.