ಕಲ್ಲಟ್ಟಿ ಘಟ್ಟವೂ ಅಣ್ಣನವರ ಕಾರೂ

ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಲಟ್ಟಿ ಘಟ್ಟದ ದಾರಿಯಲ್ಲಿ ಮೂವತ್ತಾರು ಹೇರ್‌ಪಿನ್ ತಿರುವುಗಳಿವೆ. ಸುಮಾರು ಸಾವಿರ ಮೀಟರ್ ಎತ್ತರದ ಮಸಿನಗುಡಿಯನ್ನು ಬಿಟ್ಟವರು ಮೂವತ್ತು ಕಿಲೋಮೀಟರಿನಷ್ಟು ಸಾಗುವಷ್ಟರಲ್ಲಿ ೨,೨೪೦ ಮೀಟರ್ ಎತ್ತರದ ಉದಕಮಂಡಲದಲ್ಲಿರುತ್ತಾರೆ. ಕೆಳಗೆ ಕುರುಚಲು ಕಾಡಿನ ಬಿಸಿಲು, ಮೇಲೆ ಮಂಜು. ನಡುವೆ ವಾಹನದ ಯೋಗ್ಯತೆಯೂ ಸಾರಥಿಯ ಸಂಯಮವೂ ಪರೀಕ್ಷೆಗೆ ಒಳಗಾಗುತ್ತವೆ. ೨೦೧೮ರಲ್ಲಿ ಪ್ರವಾಸಿಗರ ಕಾರೊಂದು ಇಲ್ಲಿ ಕಂದಕಕ್ಕುರುಳಿ ಐವರು ಮಡಿದ ಮೇಲೆ, ಹೊರಗಿನ ವಾಹನಗಳು ಈ ದಾರಿಯಲ್ಲಿ ಇಳಿಯುವುದಕ್ಕೆ ನಿರ್ಬಂಧ ಬಿಗಿಯಾಯಿತು. ನೀಲಗಿರಿಯಲ್ಲಿಯೇ ನೋಂದಣಿಯಾದ ನಮ್ಮ ಕಾರಿಗೆ ಆ ತಡೆಯಿಲ್ಲ. ಆದರೆ ಕಾನೂನು ಬಿಟ್ಟಮಾತ್ರಕ್ಕೆ ಘಟ್ಟ ಬಿಟ್ಟೀತೆ?

ಕಾರು ನಮ್ಮ ದಿವಂಗತ ಅಣ್ಣನವರದು. ೧೯೭೮ರಲ್ಲಿ ಕೊಂಡ ಅಂಬಾಸಿಡರ್. ಊರಿನಲ್ಲಿ ಬೇರೆ ವಾಹನವಿಲ್ಲದ ಕಾಲದಲ್ಲಿ ಎಷ್ಟು ಬಾಣಂತಿಯರು, ಎಷ್ಟು ಜ್ವರದ ಮಕ್ಕಳು ಅದರ ಹಿಂದಿನ ಸೀಟಿನಲ್ಲಿ ಆಸ್ಪತ್ರೆ ಕಂಡರೋ ಲೆಕ್ಕವಿಲ್ಲ. ಎರಡು ವರ್ಷಗಳ ಹಿಂದೆ ಅತ್ತಿಗೆಯವರನ್ನು ಉದಕಮಂಡಲದ ವೈದ್ಯರಲ್ಲಿ ತೋರಿಸಿ ಇದೇ ಘಟ್ಟವನ್ನು ಇಳಿಯುತ್ತಿದ್ದಾಗ, ಎರಡನೆಯ ಗೇರು ತಾನಾಗಿಯೇ ಕಳಚಿಕೊಂಡಿತು. ಕಾರು ಸರ್ರನೆ ಮುನ್ನುಗ್ಗಿತು. ಬ್ರೇಕು ಕಾದು ವಾಸನೆ ಬರುತ್ತಿತ್ತು. ಅಣ್ಣನ ಮಗ ಕೈಬ್ರೇಕು ಎಳೆದು, ಚಕ್ರವನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿದ್ದರಿಂದ ನಾವು ಇಂದು ಈ ಲೇಖನ ಬರೆಯುವಂತಾಯಿತು.

ಸವೆದ ಗೇರ್‌ಬಾಕ್ಸಿಗೆ ಒಳ್ಳೆಯ ಬಿಡಿಭಾಗ ಸಿಗಲಿಲ್ಲ. ಗುಜರಿಗೆ ಕೊಡುವುದೇ ಲೇಸೆಂದರು ಕೆಲವರು. ಗೂಡಲೂರಿನ ಮಿಸ್ತ್ರಿಯೊಬ್ಬರು ಮಾತ್ರ, "ಮೇಷ್ಟ್ರೇ, ಇಸುಜು ಬಾಕ್ಸು ಹಾಕೋಣ. ಅದೂ ಅಂಬಾಸಿಡರಿನದೇ ಅಲ್ಲವೇ?" ಎಂದರು. ಮಾತು ಸತ್ಯ. ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಾದ ಈ ಕಾರು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಸಂತಾನ. ನಮ್ಮದರಲ್ಲಿರುವುದು ೧,೪೮೯ ಸಿ.ಸಿ. ಎಂಜಿನ್, ನಾಲ್ಕು ಗೇರು, ಸ್ಟೇರಿಂಗಿನ ಪಕ್ಕದಲ್ಲಿ ಹಿಡಿ. ೧೯೯೦ರ ದಶಕದ ಆರಂಭದಲ್ಲಿ ಕಂಪನಿಯವರೇ ಅದೇ ಹಳೆಯ ಮೈಯೊಳಗೆ ಜಪಾನಿನ ಇಸುಜು ವಿನ್ಯಾಸದ ೧,೮೦೦ ಸಿ.ಸಿ. ಎಂಜಿನನ್ನೂ ಐದು ಗೇರಿನ ಪೆಟ್ಟಿಗೆಯನ್ನೂ ಇಟ್ಟರು. ಹಿಡಿ ನೆಲಕ್ಕೆ ಇಳಿಯಿತು.

ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿದೆವು. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮು ಹೇಳುತ್ತದೆ. ಆದ್ದರಿಂದ ಎಂಜಿನನ್ನು ಮುಟ್ಟದೆ ಪೆಟ್ಟಿಗೆಯನ್ನಷ್ಟೇ ಬದಲಿಸುವುದೆಂದು ನಿಶ್ಚಯವಾಯಿತು.

ಕೆಲಸ ನಾವೆಣಿಸಿದಷ್ಟು ಸುಲಭವಿರಲಿಲ್ಲ. ಹಳೆಯ ಎಂಜಿನಿನ ಬೋಲ್ಟುಗಳ ಸ್ಥಾನವೇ ಬೇರೆ, ಹೊಸ ಪೆಟ್ಟಿಗೆಯ ತೂತುಗಳೇ ಬೇರೆ. ನಡುವೆ ಲೇತಿನಲ್ಲಿ ಕಡೆದ ದಪ್ಪ ಉಕ್ಕಿನ ಫಲಕವೊಂದು ಬೇಕಾಯಿತು. ಅದರ ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗು ಬಾಳದು. ಕ್ಲಚ್ ಫಲಕದ ಹಲ್ಲುಗಳನ್ನು ಹೊಸ ಶಾಫ್ಟಿಗೆ ಹೊಂದಿಸಿ, ಹಿಂದಿನ ಚಕ್ರಕ್ಕೆ ಹೋಗುವ ಉದ್ದ ಶಾಫ್ಟನ್ನು ಅಳತೆಗೆ ತಕ್ಕಂತೆ ಬದಲಿಸಿ, ತಿರುಗುವಾಗ ನಡುಗದಂತೆ ತೂಗಿಸಿದರು. ನೆಲದ ತಗಡನ್ನು ಕತ್ತರಿಸಿ ಹಿಡಿಗೆ ದಾರಿ ಮಾಡಿದರು. ಸ್ಟೇರಿಂಗಿನ ಪಕ್ಕದ ಹಳೆಯ ಹಿಡಿಯನ್ನು ಬಿಚ್ಚಿ ಅತ್ತಿಗೆಯವರ ಕೈಗೆ ಕೊಟ್ಟಾಗ ಅವರು ಕೇಳಿದ್ದು ಒಂದೇ ಮಾತು: "ಅಲ್ಲಪ್ಪಾ, ನಿಮ್ಮಣ್ಣ ಹಿಡಿಯುತ್ತಿದ್ದುದು ಇದನ್ನೇ. ಇನ್ನು ಅದು ಅವರ ಕಾರು ಹೇಗಾದೀತು?" ನಲವತ್ತು ಮಕ್ಕಳ ಪ್ರಶ್ನೆಗೆ ದಿನವೂ ಉತ್ತರ ಕೊಡುವ ನಮಗೆ ಅಂದು ಉತ್ತರ ಹೊಳೆಯಲಿಲ್ಲ.

ಕಳೆದ ಮಾಗಿಯಲ್ಲಿ ಅವರನ್ನೇ ಕೂರಿಸಿಕೊಂಡು ಗೂಡಲೂರಿನಿಂದ ಹೊರಟೆವು. ತೆಪ್ಪಕಾಡಿನವರೆಗಿನ ಕಾಡುದಾರಿಯಲ್ಲಿ ವೇಗದ ಮಿತಿಯಿರುವುದರಿಂದ ಐದನೆಯ ಗೇರಿಗೆ ಕೆಲಸವೇ ಇರಲಿಲ್ಲ. ನಾಲ್ಕನೆಯದರಲ್ಲಿ ಎಂಜಿನ್ ಒಂದು ಸುತ್ತು ತಿರುಗಿದರೆ ಶಾಫ್ಟೂ ಒಂದೇ ಸುತ್ತು. ಐದನೆಯದರಲ್ಲಿ ಎಂಜಿನಿನ ಸುತ್ತು ಮುಗಿಯುವ ಮೊದಲೇ ಶಾಫ್ಟಿನ ಸುತ್ತು ಮುಗಿಯುತ್ತದೆ. ಬಯಲಿನಲ್ಲಿ ಅದರಿಂದ ಸದ್ದೂ ಪೆಟ್ರೋಲೂ ಉಳಿಯುತ್ತವೆ. ಘಟ್ಟದಲ್ಲಿ ಅದು ಶೋಭೆಗೆ. ಇಲ್ಲಿ ಉಪಕಾರಕ್ಕೆ ಬಂದದ್ದು ಮೊದಲನೆಯ ಗೇರು. ಹಳೆಯ ಪೆಟ್ಟಿಗೆಯಲ್ಲಿ ಅದಕ್ಕೆ ಸಿಂಕ್ರೋಮೆಶ್ ಇರಲಿಲ್ಲ. ತಿರುವಿನಲ್ಲಿ ಬಸ್ಸು ಎದುರಾದರೆ ಕಾರನ್ನು ಪೂರ್ತಿ ನಿಲ್ಲಿಸದೆ ಮೊದಲನೆಯದಕ್ಕೆ ಹಾಕಹೊರಟರೆ ಹಲ್ಲು ಕಿರ್ರೆನ್ನುತ್ತಿತ್ತು. ಈಗ ಚಲಿಸುತ್ತಿರುವಾಗಲೇ ಮೆತ್ತಗೆ ಕೂರುತ್ತದೆ.

ಉದಕಮಂಡಲದ ನಿಲ್ದಾಣದಲ್ಲಿ ಬೆಟ್ಟದ ರೈಲನ್ನು ನೋಡಿದೆವು. ೧೮೯೯ರಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿಗೂ ೧೯೦೮ರಲ್ಲಿ ಇಲ್ಲಿಗೂ ಬಂದ ಈ ರೈಲು, ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವಿನ ಹಲ್ಲುಕಂಬಿಯನ್ನು ಕಚ್ಚಿಕೊಂಡೇ ಏರುತ್ತದೆ, ಕಚ್ಚಿಕೊಂಡೇ ಇಳಿಯುತ್ತದೆ. ಘಟ್ಟದ ವಿದ್ಯೆಯೆಲ್ಲ ಅಷ್ಟೇ: ಹಲ್ಲು ಹಲ್ಲನ್ನು ಬಿಡಬಾರದು.

ನಿಜವಾದ ಪರೀಕ್ಷೆ ಇಳಿಯುವಾಗ. "ಏರಿದ ಗೇರಿನಲ್ಲೇ ಇಳಿಯಬೇಕು" ಎಂಬುದು ಅಣ್ಣನವರ ನಿಯಮ. ಅಣ್ಣನ ಮಗ ಎರಡನೆಯ ಗೇರಿಗೆ ಹಾಕಿ ಕಾಲನ್ನು ಬ್ರೇಕಿನ ಮೇಲೆ ಆಗಾಗ ಮಾತ್ರ ಇಟ್ಟ. ಎಂಜಿನೇ ಕಾರನ್ನು ಹಿಡಿದು ತಂದಿತು. ಅಂದು ಚರಂಡಿಗೆ ಇಳಿದ ತಿರುವು ಬಂದಾಗ ಯಾರೂ ಮಾತಾಡಲಿಲ್ಲ. ಗೇರು ಅಲುಗಲಿಲ್ಲ.

ಮಸಿನಗುಡಿಯಲ್ಲಿ ಚಹಕ್ಕೆ ನಿಂತಾಗ ಅತ್ತಿಗೆಯವರು ಸೆರಗಿನ ಗಂಟಿನಿಂದ ಹಳೆಯ ಹಿಡಿಯ ಗುಂಡನ್ನು ತೆಗೆದರು. "ಇದನ್ನು ಆ ಹೊಸದರ ತಲೆಗೆ ಕೂರಿಸಲು ಆಗುತ್ತದೆಯೇ, ಮಿಸ್ತ್ರಿಯನ್ನು ಕೇಳು" ಎಂದರು.

ಕೇಳಿದ್ದೇವೆ. ಒಳಗಿನ ಮರೆ ಹೊಂದದು, ಹೊಸದಾಗಿ ಕಡೆಯಬೇಕು, ಮುಂದಿನ ವಾರ ಬನ್ನಿ ಎಂದಿದ್ದಾರೆ.