ಹರಳಿನೊಳಗಣ ವಿಳಂಬ

ಕೆರೆಯ ಆಚೆಯ ದಡದಲ್ಲಿ ಅಗಸನು ಬಟ್ಟೆಯನ್ನು ಕಲ್ಲಿಗೆ ಬಡಿದ ಸದ್ದು ಈಚೆಯವನ ಕಿವಿಗೆ ಬೀಳುವಷ್ಟರಲ್ಲಿ ಆ ಬಟ್ಟೆಯು ಮತ್ತೆ ಮೇಲಕ್ಕೆ ಏರಿರುತ್ತದೆ. ಸುದ್ದಿಯು ನಡೆದು ಬರುವುದಕ್ಕೆ ಕಾಲ ಬೇಕು. ಈ ಸಾಮಾನ್ಯ ಸಂಗತಿಯೇ ಒಂದು ಹರಳಿನೊಳಗೂ ನಡೆಯುತ್ತಿರುವುದೆಂದರೆ ವಾಚಕರಿಗೆ ಮೊದಲು ನಂಬಿಕೆ ಹುಟ್ಟಲಾರದು.

ಹರಳಿನ ಮೇಲೆ ಬೆಳಕು ಬಿದ್ದಾಗ ಅದರ ಒಂದೊಂದು ಪರಮಾಣುವಿನಲ್ಲಿಯೂ ಋಣವಿದ್ಯುತ್ತು ಧನವಿದ್ಯುತ್ತಿನಿಂದ ತುಸು ಸರಿದು, ಬೆಳಕಿನ ತಾಳಕ್ಕೆ ಅತ್ತಿತ್ತ ತೂಗತೊಡಗುತ್ತದೆ. ಹೀಗೆ ಎರಡು ಕೊನೆಗಳಲ್ಲಿ ಎರಡು ಬಗೆಯ ವಿದ್ಯುತ್ತನ್ನು ತಳೆದುದಕ್ಕೆ ದ್ವಿಧ್ರುವವೆಂದು ಹೆಸರು. ತೂಗುವ ದ್ವಿಧ್ರುವವು ತಾನೂ ಅಲೆಗಳನ್ನು ಹೊರಡಿಸುತ್ತದೆ; ಆ ಅಲೆಗಳು ನೆರೆಯವನ್ನು ತೂಗಿಸುತ್ತವೆ; ನೆರೆಯವು ಮರಳಿ ಇದನ್ನು. ಆದರೆ ಬೆಳಕಿನ ಅಲೆಯೂ ಹೊರಟ ಕ್ಷಣದಲ್ಲಿಯೇ ಮುಟ್ಟಲಾರದು. ಹತ್ತಿರಕ್ಕೆ ಬೇಗ, ದೂರಕ್ಕೆ ತಡ. ಅಸಂಖ್ಯ ದ್ವಿಧ್ರುವಗಳ ಈ ತಡಗಳನ್ನೆಲ್ಲ ಲೆಕ್ಕಕ್ಕೆ ತಂದು ಕೂಡಿಸುವುದು ಸುಲಭವಾದ ಕಾರ್ಯವಲ್ಲ.

ಜರ್ಮನಿಯ ಮ್ಯೂನಿಕ್ ನಗರದಲ್ಲಿ ಆಚಾರ್ಯ ಜೊಮರ್‌ಫೆಲ್ಡರ ಶಿಷ್ಯನಾದ ಪಾಲ್ ಪೀಟರ್ ಎವಾಲ್ಡನು ಈ ಕಾರ್ಯಕ್ಕೇ ಕೈಹಾಕಿದನು. ಗುರುಗಳು ಮುಂದಿಟ್ಟ ವಿಷಯಗಳ ಪಟ್ಟಿಯಲ್ಲಿ ಅದು ಕಟ್ಟಕಡೆಯದು; ಶಿಷ್ಯನು ಅದನ್ನೇ ಆರಿಸಿಕೊಂಡನು. 1912ರ ಜನವರಿಯ ಕೊನೆಗೆ ಪ್ರಬಂಧವು ಮುಗಿಯುತ್ತ ಬಂದಿತ್ತು. ಆದರೆ ಲೆಕ್ಕದಿಂದ ಹೊರಬಿದ್ದ ಒಂದು ಮಾತು ಅವನನ್ನು ಕಾಡುತ್ತಿತ್ತು: ಹೊರಗಿನಿಂದ ಬಂದ ಅಲೆಯ ಆಸರೆಯಿಲ್ಲದೆಯೇ ಹರಳಿನೊಳಗಣ ದ್ವಿಧ್ರುವಗಳು ಒಂದನ್ನೊಂದು ತೂಗಿಸಿಕೊಂಡು ನಡೆಯಬಲ್ಲವು! ಇದನ್ನು ಕುರಿತು ವಿಚಾರಿಸಲೆಂದು ಅವನು ಮ್ಯಾಕ್ಸ್ ಲವ್ವೆ ಎಂಬ ವಿದ್ವಾಂಸರನ್ನು ಕಂಡನು. ಇಬ್ಬರೂ ಇಂಗ್ಲಿಷ್ ಉದ್ಯಾನವೆಂಬ ದೊಡ್ಡ ತೋಟದ ಹಾದಿಯಲ್ಲಿ ನಡೆದರು.

ಲವ್ವೆಯವರ ಮನಸ್ಸು ಬೇರೆಡೆಗೆ ಹರಿಯಿತು. ದ್ವಿಧ್ರುವಗಳ ನಡುವಣ ಅಂತರವೆಷ್ಟು ಎಂದು ಕೇಳಿದರು. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದದಲ್ಲಿ 500ನೆಯ ಪಾಲೋ 1000ನೆಯ ಪಾಲೋ ಇರಬಹುದೆಂದು ಎವಾಲ್ಡನು ಹೇಳಿದನು. ಹಾಗಾದರೆ ಅಲೆಯೇ ಅತಿ ಕಿರಿದಾದರೆ ಏನಾಗುವುದು? ತನ್ನ ಸೂತ್ರವು ಅಲ್ಲಿಯೂ ಸಲ್ಲುವುದೆಂದು ತರುಣನು ತೋರಿಸಿದನು. ತಾನು ಮಾತ್ರ ಆ ದಾರಿಯನ್ನು ಹಿಡಿಯಲಿಲ್ಲ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದವನ ಗಾದೆ ಇಲ್ಲಿ ಹೊಂದದು, ಏಕೆಂದರೆ ಅವನು ಹುಡುಕುತ್ತಲೇ ಇರಲಿಲ್ಲ. ಪ್ರಬಂಧವನ್ನು ಒಪ್ಪಿಸಬೇಕಾಗಿತ್ತು, ಪರೀಕ್ಷೆ ಎದುರಿಗಿತ್ತು.

ಪ್ರಶ್ನೆಯ ತಿರುಳು ವಿಳಂಬದಲ್ಲಿಯೇ ಇದ್ದಿತು. ಕಾಣುವ ಬೆಳಕು ಒಂದು ದ್ವಿಧ್ರುವದಿಂದ ನೆರೆಯದಕ್ಕೆ ಹೋಗುವಷ್ಟರಲ್ಲಿ ತೂಗಾಟದ 1000ನೆಯ ಪಾಲೂ ಕಳೆಯದಿರಬಹುದು. ಕ್ಷ-ಕಿರಣಗಳಂತಹ ಕಿರಿಯ ಅಲೆಯಾದರೋ, ಅಷ್ಟೇ ಹಾದಿಯನ್ನು ನಡೆಯುವಷ್ಟರಲ್ಲಿ ಒಂದು ಪೂರ್ಣ ತೂಗಾಟವೇ ಮುಗಿದುಹೋಗಬಹುದು. ಆಗ ಕೆಲವು ದಿಕ್ಕುಗಳಲ್ಲಿ ಎಲ್ಲ ಅಲೆಗಳೂ ಒಂದೇ ಹೆಜ್ಜೆ ಹಾಕುತ್ತವೆ. ಉಳಿದೆಡೆ ಒಂದನ್ನೊಂದು ಅಳಿಸುತ್ತವೆ. ಅದೇ ವಸಂತದಲ್ಲಿ ಫ್ರೀಡ್ರಿಷ್ ಮತ್ತು ಕ್ನಿಪ್ಪಿಂಗ್ ಎಂಬಿಬ್ಬರು ಮೈಲುತುತ್ತದ ಹರಳಿನ ಮೂಲಕ ಕ್ಷ-ಕಿರಣಗಳನ್ನು ಹಾಯಿಸಲು, ಛಾಯಾಫಲಕದ ಮೇಲೆ ಚುಕ್ಕೆಗಳು ಮೂಡಿದುವು. ಲವ್ವೆಯವರಿಗೆ 1914ರ ನೊಬೆಲ್ ಪಾರಿತೋಷಕವು ಸಂದಿತು.

ಎವಾಲ್ಡನಿಗೆ ಸುದ್ದಿಯು ತಿಳಿದುದು ಜೂನ್ ತಿಂಗಳಿನಲ್ಲಿ, ಗಟಿಂಗೆನ್ ನಗರದಲ್ಲಿ, ಜೊಮರ್‌ಫೆಲ್ಡರ ಭಾಷಣದಿಂದ. ಮನೆಗೆ ಮರಳಿ ಅವನು ತನ್ನ ಪ್ರಬಂಧವನ್ನು ತೆರೆದನು. ಚುಕ್ಕೆಗಳ ಸ್ಥಾನವನ್ನು ತಿಳಿಸುವ ಸೂತ್ರವು ಅಲ್ಲಿ ಬರೆದೇ ಇದ್ದಿತು. ಇಂದಿಗೂ ಸ್ಫಟಿಕಶಾಸ್ತ್ರದ ವಿದ್ಯಾರ್ಥಿಗಳು ಮೊದಲಲ್ಲಿಯೇ ಕಲಿಯುವ, ಅವನ ಹೆಸರನ್ನೇ ಹೊತ್ತ ಗೋಲದ ಚಿತ್ರವನ್ನು ಅವನು ಕಂಡುಕೊಂಡುದು ಆ ರಾತ್ರಿ. ಅಚ್ಚಾಗಿ ಹೊರಬಂದುದು 1913ರಲ್ಲಿ.