ಬರಿದೆಲೆ ಉಳಿಯಿತೆ?

ಶಾಸ್ತ್ರವೊಂದನ್ನು ಕಲಿಯಹೊರಟವನನ್ನು ಅದರ ತಿರುಳಿಗಿಂತ ಮೊದಲು ಅದರ ಪರಿಭಾಷೆಯೇ ಅಂಜಿಸುವುದುಂಟು. ರಾಜೂರದ ಒಕ್ಕಲು ಮನೆತನದ ಹುಡುಗನೊಬ್ಬನ ಪಾಡೂ ಅದೇ ಆಯಿತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದವನಿಗೆ ಎರಡನೆಯ ವರ್ಷದ ಗಣಿತದ ಮೊದಲ ಅಧ್ಯಾಯದಲ್ಲಿಯೇ ‘ಆನ್‌ಟು ಫಂಕ್ಷನ್’ ಎದುರಾಯಿತು. ಗಣಿತವು ತನ್ನಂಥವರಿಗಲ್ಲವೆಂದು, ಓದು ಬಿಟ್ಟು ಹೊಲಕ್ಕೆ ಮರಳುವ ಮಾತನ್ನೂ ಅವನು ಮನೆಯಲ್ಲಿ ಆಡಿದನು.

ಶಬ್ದ ಹೊಸದಾದರೂ ಅರ್ಥ ಸರಳವಾದುದು. ಒಂದು ಸಮೂಹದ ಪ್ರತಿಯೊಂದಕ್ಕೂ ಮತ್ತೊಂದು ಸಮೂಹದಲ್ಲಿ ಒಂದೇ ಸ್ಥಾನವನ್ನು ಗೊತ್ತುಮಾಡುವ ನಿಯಮವೇ ಫಂಕ್ಷನ್, ಕನ್ನಡದಲ್ಲಿ ಉತ್ಪನ್ನ. ಆ ಎರಡನೆಯ ಸಮೂಹದಲ್ಲಿ ಯಾವ ಸ್ಥಾನವೂ ಬರಿದಾಗಿ ಉಳಿಯದಿದ್ದರೆ ಅದು ಆನ್‌ಟು. ಪಂಕ್ತಿಯೂಟದಲ್ಲಿ ಬಡಿಸಿದವರನ್ನು ಕೇಳಿದರೆ ಎಲ್ಲರಿಗೂ ಬಡಿಸಿದೆವೆಂದೇ ಹೇಳಿಯಾರು. ಎಲೆಗಳ ಸಾಲನ್ನು ನೋಡಿದವನಿಗೆ ಮಾತ್ರ ನಿಜ ತಿಳಿಯುವುದು. ಪರೀಕ್ಷೆಯು ಆ ಕಡೆಯಿಂದಲೇ ಆರಂಭವಾಗಬೇಕು.

ಹುಡುಗನಿಗೆ ಇದು ಮನದಟ್ಟಾದುದು ಛಂದಸ್ಸಿನ ಮೂಲಕ. ಮೂರಕ್ಷರದ ಎಂಟು ಗಣಗಳು ಅವನಿಗೆ ಪ್ರೌಢಶಾಲೆಯಿಂದಲೇ ಬಾಯಿಪಾಠ. ಪ್ರಸ್ತಾರದಲ್ಲಿ ಅವು ಮ, ಯ, ರ, ಸ, ತ, ಜ, ಭ, ನ ಎಂಬ ಕ್ರಮದಲ್ಲಿ 1ರಿಂದ 8ರ ಸ್ಥಾನಗಳನ್ನು ಪಡೆಯುತ್ತವೆ. ಸ್ಥಾನವನ್ನು ಹೇಳಿದರೆ ಗಣವನ್ನು ಕಂಡುಹಿಡಿಯುವ ವಿಧಾನ ಪಿಂಗಳನ ಛಂದಃಶಾಸ್ತ್ರದಲ್ಲಿಯೇ ಉಂಟು. ಅದಕ್ಕೆ ‘ನಷ್ಟ’ವೆಂದು ಹೆಸರು. ಸಮಸಂಖ್ಯೆಯಾದರೆ ಲಘುವನ್ನು ಬರೆದು ಅರ್ಧಿಸಬೇಕು; ಬೆಸಸಂಖ್ಯೆಯಾದರೆ ಗುರುವನ್ನು ಬರೆದು, ಒಂದನ್ನು ಕೂಡಿಸಿ ಅರ್ಧಿಸಬೇಕು. 5 ಬೆಸ, ಗುರು. ಬಂದ 3 ಬೆಸ, ಗುರು. ಬಂದ 2 ಸಮ, ಲಘು. ತಗಣ ದೊರೆಯಿತು. ಎಂಟು ಸ್ಥಾನಗಳಿಗೂ ಹೀಗೆ ಒಂದೊಂದು ಗಣ ದೊರೆಯುವುದರಿಂದ ಆ ನಿಯಮವು ಆನ್‌ಟು. 9 ಎಂಬ ಸ್ಥಾನವನ್ನೂ ಸಾಲಿಗೆ ಸೇರಿಸಿದರೆ ಅದಕ್ಕೆ ಗಣವಿಲ್ಲ. ನಿಯಮ ಅದೇ ಆದರೂ ಆಗ ಅದು ಆನ್‌ಟು ಅಲ್ಲ. ಇದನ್ನು ತಾನೇ ಲೆಕ್ಕಹಾಕಿ ಕಂಡ ದಿನ ಹೊಲಕ್ಕೆ ಮರಳುವ ಮಾತು ನಿಂತಿತು.

ಕನ್ನಡನಾಡಿಗೆ ಈ ವಿಚಾರ ಹೊಸತೂ ಅಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ, ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದನು. ವಾಸ್ತವ ಸಂಖ್ಯೆಗಳನ್ನು ವರ್ಗಮಾಡುವ ನಿಯಮಕ್ಕೆ ಋಣ 1 ಬಡಿಸದೆ ಉಳಿದ ಎಲೆ. ಆನ್‌ಟು ಅಲ್ಲವೆಂದು ತೋರಿಸಲು ಅಂಥ ಒಂದು ಬರಿದೆಲೆ ಸಾಕು; ಹೌದೆಂದು ಸಾಧಿಸಲು ಒಂದನ್ನೂ ಬಿಡದೆ ನೋಡಬೇಕು.

ಪಾಠವು ಎಲ್ಲರಿಗೂ ಮುಟ್ಟಿತೆ ಎಂಬುದನ್ನು ಅಳೆಯುವ ಬಗೆಯೂ ಇದೇ. ಹೇಳಿದವರ ಮಾತಿನಿಂದಲ್ಲ, ಕಡೆಯ ಸಾಲಿನಲ್ಲಿ ಕುಳಿತ ಮಗುವಿನಿಂದ ಅದನ್ನು ತಿಳಿಯಬೇಕು.